ದ್ರಾಕ್ಷಿಯೊಳಗಿನ ಎರಡು ಎಳೆ: ಮೈಯ ಸಕ್ಕರೆಯಿಂದ ಕರೆಂಟ್ ಬರುತ್ತಾ?

ಪ್ರಶ್ನೆ: ನಮ್ಮ ಅತ್ತೆಗೆ ಹದಿನೈದು ವರ್ಷದಿಂದ ಶುಗರ್ ಇದೆ. ತೋಳಿಗೆ ಅಂಟಿಸುವ ಸೆನ್ಸರ್ ಹಾಕುತ್ತೇವೆ. 14 ದಿನ ಆದ ಮೇಲೆ ಅದನ್ನು ಕಿತ್ತು ಹೊಸದು ಹಾಕಬೇಕು. ಮಾವನವರಿಗೆ ಪೇಸ್‌ಮೇಕರ್ ಇದೆ. ಅದರ ಬ್ಯಾಟರಿ ಮುಗಿಯುತ್ತಾ ಬಂದಿದೆ, ಇನ್ನೊಂದು ಆಪರೇಷನ್ ಬೇಕು ಎಂದಿದ್ದಾರೆ ಡಾಕ್ಟರು. ಮೈಯೊಳಗಿನ ಸಕ್ಕರೆ, ಹೊಟ್ಟೆಯ ಆಸಿಡ್, ಬೆವರು ಇವುಗಳಿಂದಲೇ ಕರೆಂಟ್ ಪಡೆಯುವ ಸೆನ್ಸರ್‌ಗಳು ಬರುತ್ತಿವೆ ಎಂದು ಓದಿದೆ. ಇದು ನಿಜವೇ? ಸಕ್ಕರೆಯನ್ನು ಹಾಗೆ ಉರಿಸಿದರೆ ಅತ್ತೆಯ ಶುಗರ್ ಕಡಿಮೆ ಆಗುತ್ತಾ? ಶುಗರ್ ತೀರಾ ಇಳಿದರೆ ಸೆನ್ಸರ್ ನಿಂತುಹೋಗುವುದಿಲ್ಲವೇ? ಮಾವನವರ ಆಪರೇಷನ್ ಸ್ವಲ್ಪ ಕಾದು ಮಾಡಿಸಿದರೆ ಇಂಥದ್ದು ಸಿಗಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಾವನವರ ಆಪರೇಷನ್ ದಯವಿಟ್ಟು ಮುಂದಕ್ಕೆ ಹಾಕಬೇಡಿ. ಮೈಯ ಸಕ್ಕರೆಯಿಂದ ನಡೆಯುವ ಪೇಸ್‌ಮೇಕರ್ ಇವತ್ತು ಚಿಕಿತ್ಸೆಗೆ ಸಿಗುವುದಿಲ್ಲ. ಡಾಕ್ಟರು ಹೇಳಿದ ದಿನಕ್ಕೇ ಮಾಡಿಸಿ. ಬ್ಯಾಟರಿ ಬದಲಿಸುವುದೆಂದರೆ ಸಾಮಾನ್ಯವಾಗಿ ಎದೆಯ ಚರ್ಮದ ಕೆಳಗಿರುವ ಡಬ್ಬಿಯನ್ನು ಬದಲಿಸುವುದು. ಹೃದಯದೊಳಗೆ ಹೋಗಿರುವ ತಂತಿಗಳು ಚೆನ್ನಾಗಿದ್ದರೆ ಅವನ್ನು ಹಾಗೇ ಬಿಡುತ್ತಾರೆ. ಸಾಮಾನ್ಯವಾಗಿ ಇದು ಮೊದಲ ಸಲದಷ್ಟು ದೊಡ್ಡ ಕೆಲಸ ಅಲ್ಲ.

ಆದರೂ ನಿಮ್ಮ ಪ್ರಶ್ನೆಯಲ್ಲಿ ಒಂದು ಒಳ್ಳೆಯ ಯೋಚನೆ ಇದೆ. ಪೇಸ್‌ಮೇಕರ್‌ಗೆ ಎಷ್ಟು ಕರೆಂಟ್ ಬೇಕು ಗೊತ್ತಾ? ಸುಮಾರು 10 ಮೈಕ್ರೋವ್ಯಾಟ್. ಅಂದರೆ ಒಂದು ವ್ಯಾಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಹತ್ತೇ ಹತ್ತು ಪಾಲು. ಮಲಗುವಾಗ ಹಚ್ಚುವ ಅರ್ಧ ವ್ಯಾಟ್‌ನ ಜೀರೋ ಬಲ್ಬ್ ಇದೆಯಲ್ಲ, ಅದಕ್ಕೆ ಹೋಗುವ ಕರೆಂಟಿನಲ್ಲಿ 50,000 ಪೇಸ್‌ಮೇಕರ್ ನಡೆಸಬಹುದು. ಸುಮ್ನೆ ಕೂತಿದ್ದರೂ ನಮ್ಮ ಮೈ ಸುಮಾರು 100 ವ್ಯಾಟ್ ಖರ್ಚು ಮಾಡುತ್ತದೆ. ಅದರಲ್ಲಿ ಒಂದು ಚಿಟಿಕೆ ಇತ್ತ ಕೊಡಬಾರದೇ ಅನ್ನಿಸುವುದು ಸಹಜ ಅಲ್ವಾ?

ಇದು ಅರವತ್ತು ವರ್ಷದ ಹಳೆಯ ಆಸೆ. 1958ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ಬಾರಿಗೆ ಮನುಷ್ಯನ ಮೈಯೊಳಗೆ ಇಟ್ಟ ಪೇಸ್‌ಮೇಕರ್ ಕೆಲವೇ ಗಂಟೆ ನಡೆಯಿತು. ಆಮೇಲೆ ಬಂದ ಪಾದರಸದ ಬ್ಯಾಟರಿಗಳೂ ಬೇಗ ಕೈಕೊಡುತ್ತಿದ್ದವು. ತುರ್ತು ಎಷ್ಟಿತ್ತೆಂದರೆ 1970ರಲ್ಲಿ ಪ್ಯಾರಿಸ್‌ನಲ್ಲಿ ವಿಕಿರಣ ಸೂಸುವ ಪ್ಲುಟೋನಿಯಂ ಇರುವ ಪೇಸ್‌ಮೇಕರನ್ನೂ ರೋಗಿಯ ಮೈಯಲ್ಲಿ ಇಟ್ಟರು. ಗ್ಲೂಕೋಸಿನಿಂದ, ಅಂದರೆ ಮೈಯ ಸಕ್ಕರೆಯಿಂದ, ಕಿಣ್ವದ (ಎಂಜೈಮ್, ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನ್) ಸಹಾಯದಲ್ಲಿ ಕರೆಂಟ್ ತೆಗೆಯಬಹುದು ಎಂದು ಪ್ರಯೋಗ ಮಾಡಿ ತೋರಿಸಿದ್ದು 1964ರಲ್ಲಿ. ಆದರೆ 1972ರಲ್ಲಿ ಲಿಥಿಯಂ-ಅಯೋಡಿನ್ ಬ್ಯಾಟರಿ ಬಂತು. ವರ್ಷಗಟ್ಟಲೆ ನಂಬಿಕೆಯಿಂದ ನಡೆಯುವ ಬ್ಯಾಟರಿ ಸಿಕ್ಕ ಮೇಲೆ ಸಕ್ಕರೆಯ ಕೆಲಸ ಮೂಲೆ ಸೇರಿತು. ಪೇಸ್‌ಮೇಕರ್ ಮಟ್ಟಿಗೆ ಅದು ಸರಿಯಾದದ್ದೇ ಆಯಿತು ಎಂದು ನಾನು ನಂಬುತ್ತೇನೆ. ಹೃದಯ ನಡೆಸುವ ಯಂತ್ರವನ್ನು ಇವತ್ತು ಹೀಗೆ ನಾಳೆ ಹಾಗೆ ಇರುವ ಸಕ್ಕರೆಗೆ ಕಟ್ಟಿಹಾಕುವುದು ಬೇಡ.

ಈಗ ಮತ್ತೆ ಆ ಕೆಲಸಕ್ಕೆ ಜೀವ ಬಂದಿರುವುದು ಸೆನ್ಸರ್‌ಗಳು ಚಿಕ್ಕದಾಗಿರುವುದರಿಂದ. ಅಕ್ಕಿ ಕಾಳಿಗಿಂತ ಚಿಕ್ಕ ಚಿಪ್ ಇವತ್ತು ಉಷ್ಣತೆ ನೋಡುತ್ತದೆ, ಒತ್ತಡ ನೋಡುತ್ತದೆ, ಗ್ಲೂಕೋಸ್ ನೋಡುತ್ತದೆ. ಆದರೆ ಬ್ಯಾಟರಿಯನ್ನು ಅಷ್ಟೇ ಚಿಕ್ಕದು ಮಾಡುವುದು ಕಷ್ಟ. ಬಾದಾಮಿ ಒಡೆದಿದ್ದೀರಲ್ಲ? ಕಾಯಿ ಚಿಕ್ಕದಾದಷ್ಟೂ ಒಳಗಿನ ತಿರುಳು ಕಡಿಮೆ, ಹೊರಗಿನ ಓಡೇ ಜಾಸ್ತಿ. ಬ್ಯಾಟರಿಯೂ ಹಾಗೆಯೇ. ಒಳಗಿನ ವಿಷ ಮೈಗೆ ಸೋರದಂತೆ ಗಟ್ಟಿ ಡಬ್ಬಿ ಬೇಕು, ಆ ಡಬ್ಬಿಯೇ ಜಾಗ ನುಂಗುತ್ತದೆ. ಸಕ್ಕರೆಯಿಂದ ಕರೆಂಟ್ ಮಾಡುವ ಸೆಲ್‌ಗೆ ಇಂಧನದ ಡಬ್ಬಿಯೇ ಬೇಡ. ಇಂಧನ ಸುತ್ತಲೂ ಇರುತ್ತದೆ.

ನಿಮ್ಮ ಅತ್ತೆಯವರ ತೋಳಿನಲ್ಲಿ ಈ ಕೆಲಸದ ಅರ್ಧ ಈಗಾಗಲೇ ನಡೆಯುತ್ತಿದೆ. ಆ ಬಿಲ್ಲೆಯ ಕೆಳಗೆ ಚರ್ಮದೊಳಗೆ ಹೋಗುವ ಒಂದು ತೆಳು ಎಳೆ ಇದೆ. ಅದು ತಲುಪುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ನೀರನ್ನು. ಆ ಎಳೆಯ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವದ ಲೇಪ ಇದೆ. ಕಿಣ್ವ ಪ್ರತಿ ಗ್ಲೂಕೋಸ್ ಅಣುವಿನಿಂದ ಎರಡು ಎಲೆಕ್ಟ್ರಾನ್ ಕಿತ್ತುಕೊಂಡು ಎಳೆಗೆ ದಾಟಿಸುತ್ತದೆ. ಹಾಗೆ ಹರಿಯುವ ಕರೆಂಟನ್ನು ಎಣಿಸಿಯೇ ಮೊಬೈಲಿನಲ್ಲಿ 142 ಅಥವಾ 96 ಎಂದು ನಿಮಗೆ ಕಾಣುವುದು. ಆದರೆ ಆ ಸಂಖ್ಯೆಯನ್ನು ಹೊರಗೆ ಕಳಿಸುವ ರೇಡಿಯೋ ನಡೆಯುವುದು ಬಿಲ್ಲೆಯೊಳಗಿನ ಬ್ಯಾಟರಿಯಿಂದ. ಕಿಣ್ವದ ಕರೆಂಟ್ ಅಳತೆಗೆ ಮಾತ್ರ.

ಆ ಕರೆಂಟನ್ನೇ ಕೆಲಸಕ್ಕೂ ಹಚ್ಚಬೇಕಾದರೆ ಇನ್ನೊಂದು ಎಳೆ ಬೇಕು. ಮೊದಲ ಎಳೆ ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕೀಳುತ್ತದೆ. ಎರಡನೆಯದು ಅದನ್ನು ಆಕ್ಸಿಜನ್‌ಗೆ ಕೊಟ್ಟು ನೀರು ಮಾಡುತ್ತದೆ. ನಡುವೆ ನಿಮ್ಮ ಚಿಪ್. ಉಸಿರಾಟದಲ್ಲಿ ನಮ್ಮ ಮೈ ಮಾಡುವುದೂ ಇದನ್ನೇ, ಇನ್ನೂ ಚೆನ್ನಾಗಿ. ನಮ್ಮ ಜೀವಕೋಶಗಳು ಒಂದು ಗ್ಲೂಕೋಸನ್ನು ಪೂರ್ತಿ ಹಿಂಡಿ 24 ಎಲೆಕ್ಟ್ರಾನ್ ತೆಗೆಯುತ್ತವೆ. ನಮ್ಮ ಕಿಣ್ವದ ಎಳೆ ಎರಡೇ ತೆಗೆದು ಬಿಟ್ಟುಬಿಡುತ್ತದೆ. ಹುಣಸೆಹಣ್ಣನ್ನು ಒಂದೇ ಸಲ ಕಿವುಚಿ ಎಸೆದ ಹಾಗೆ.

2003ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆಡಮ್ ಹೆಲ್ಲರ್ ಮತ್ತು ಅವರ ಜೊತೆಗಾರರು ಇಂಥ ಎರಡು ಎಳೆಗಳನ್ನು ಒಂದು ದ್ರಾಕ್ಷಿಗೆ ಚುಚ್ಚಿದರು. ಕಾರ್ಬನ್ ಎಳೆಗಳು, 7 ಮೈಕ್ರಾನ್ ದಪ್ಪ, ತಲೆಕೂದಲಿನ ಸುಮಾರು ಹತ್ತನೇ ಒಂದು ಭಾಗ. ಉದ್ದ ಎರಡು ಸೆಂಟಿಮೀಟರ್. ಸಿಪ್ಪೆಯ ಹತ್ತಿರ ಚುಚ್ಚಿದಾಗ 0.52 ವೋಲ್ಟ್‌ನಲ್ಲಿ 2.4 ಮೈಕ್ರೋವ್ಯಾಟ್ ಬಂತು. ಹಣ್ಣಿನ ನಡುವೆ ಚುಚ್ಚಿದಾಗ ಅದರ ಅರ್ಧಕ್ಕಿಂತ ಕಡಿಮೆ, 1.1 ಮೈಕ್ರೋವ್ಯಾಟ್. ದ್ರಾಕ್ಷಿಯ ನಡುವೆ ಸಕ್ಕರೆಗೆ ಬರವೇ? ಇಲ್ಲ. ಬರ ಇದ್ದದ್ದು ಆಕ್ಸಿಜನ್‌ಗೆ. ಸಿಪ್ಪೆಯ ಹತ್ತಿರ ಗಾಳಿ ಒಳಗೆ ಇಳಿಯುತ್ತದೆ, ನಡುವೆ ಇಳಿಯುವುದಿಲ್ಲ.

ನನ್ನನ್ನು ಕೇಳಿದರೆ ಈ ಇಡೀ ವಿಷಯದ ತಿರುಳು ಆ ದ್ರಾಕ್ಷಿಯಲ್ಲಿದೆ. "ಮೈಯಲ್ಲಿ ಬೇಕಾದಷ್ಟು ಸಕ್ಕರೆ ಇದೆ, ಹಾಗಾಗಿ ಬೇಕಾದಷ್ಟು ಕರೆಂಟ್" ಎಂದು ಸುದ್ದಿಗಳಲ್ಲಿ ಬರೆಯುತ್ತಾರೆ. ಸಕ್ಕರೆ ಇದೆ, ನಿಜ. ಆದರೆ ಚರ್ಮದ ಕೆಳಗಿನ ದ್ರವದಲ್ಲಿ ಕರಗಿರುವ ಆಕ್ಸಿಜನ್ ಗ್ಲೂಕೋಸಿನ ನೂರನೇ ಒಂದು ಪಾಲಿನ ಸುತ್ತಮುತ್ತ ಅಷ್ಟೇ. ರಕ್ತದಲ್ಲಿ ಆಕ್ಸಿಜನ್ ಜಾಸ್ತಿ ಇದ್ದರೂ ಅದು ಹಿಮೋಗ್ಲೋಬಿನ್‌ಗೆ ಅಂಟಿಕೊಂಡಿರುತ್ತದೆ. ರಕ್ತನಾಳದೊಳಗೆ ಎಳೆ ಇಟ್ಟರೆ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಸೌದೆ ರಾಶಿ ಇದ್ದು ಒಲೆಗೆ ಗಾಳಿ ಹೋಗದಿದ್ದರೆ ಅನ್ನ ಬೇಯುತ್ತಾ?

ಇನ್ನು ಅತ್ತೆಯವರ ಶುಗರ್ ಕಡಿಮೆ ಆಗುತ್ತಾ ಎಂದು ಕೇಳಿದ್ದೀರಿ. ಇದನ್ನು ಲೆಕ್ಕ ಹಾಕಿಯೇ ನೋಡೋಣ. 10 ಮೈಕ್ರೋವ್ಯಾಟ್‌ನ ಸೆಲ್ ಒಂದು ದಿನ ನಡೆದರೆ ಸುಮಾರು 0.86 ಜೂಲ್ ಆಯಿತು. ಅರ್ಧ ವೋಲ್ಟ್, ಅಣುವಿಗೆ ಎರಡು ಎಲೆಕ್ಟ್ರಾನ್ ಎಂದು ಹಿಡಿದರೆ ಅದಕ್ಕೆ ಬೇಕಾಗುವ ಗ್ಲೂಕೋಸ್ ದಿನಕ್ಕೆ ಹೆಚ್ಚು ಕಡಿಮೆ 1.6 ಮಿಲಿಗ್ರಾಂ. ಅಡುಗೆ ಮನೆಯ ಸಕ್ಕರೆ ಡಬ್ಬಿಯಿಂದ ಎರಡು ಮೂರು ಹರಳು ತೆಗೆದು ಅಂಗೈಯಲ್ಲಿ ಇಟ್ಟುಕೊಳ್ಳಿ. ಅಷ್ಟೇ. ವರ್ಷಪೂರ್ತಿ ನಡೆದರೂ ಕಾಲು ಚಮಚ ಆಗುವುದಿಲ್ಲ. ಹಾಗಾಗಿ ಶುಗರ್ ಇಳಿಯುವುದಿಲ್ಲ, ಮೈಗೆ ನಿಶ್ಶಕ್ತಿಯೂ ಆಗುವುದಿಲ್ಲ.

2023ರಲ್ಲಿ ಸ್ವಿಟ್ಜರ್ಲೆಂಡಿನ ಈಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫುಸೆನೆಗರ್ ಅವರ ತಂಡ ಮಾಡಿದ ಕೆಲಸದಿಂದ ಈ ಗೊಂದಲ ಹುಟ್ಟಿರಬಹುದು. ಟೀ ಬ್ಯಾಗ್‌ನಂತೆ ಕಾಣುವ, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡ ಸೆಲ್ ಒಂದನ್ನು ಅವರು ಇಲಿಗಳಲ್ಲಿ ಪರೀಕ್ಷಿಸಿದರು. ಶುಗರ್ ಏರಿದಾಗ ಅದು ಕರೆಂಟ್ ಕೊಡುತ್ತದೆ. ಆ ಕರೆಂಟ್ ತಾಗಿ, ಜೊತೆಗೆ ಇಟ್ಟಿರುವ ವಿಶೇಷ ಜೀವಕೋಶಗಳು ಇನ್ಸುಲಿನ್ ಬಿಡುತ್ತವೆ. ಅಲ್ಲಿ ಶುಗರ್ ಇಳಿಸಿದ್ದು ಇನ್ಸುಲಿನ್. ಕರೆಂಟಿಗೆ ಖರ್ಚಾದ ಗ್ಲೂಕೋಸ್ ಲೆಕ್ಕಕ್ಕೇ ಬರುವುದಿಲ್ಲ. ಬಹಳ ಸುಂದರವಾದ ಕೆಲಸ ಅದು, ಆದರೆ ಮನುಷ್ಯರ ತನಕ ಬರಲು ದೂರ ಇದೆ.

ಇಷ್ಟೆಲ್ಲ ಗೊತ್ತಿದ್ದರೂ ಅಂಗಡಿಯಲ್ಲಿ ಯಾಕೆ ಸಿಗುತ್ತಿಲ್ಲ? ನಾನು ಲ್ಯಾಬಿನಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಗ್ಲೂಕೋಸ್ ಆಕ್ಸಿಡೇಸ್ ಹಳದಿ ಬಣ್ಣದ ಪುಡಿ, ಫ್ರೀಜರಿನಲ್ಲಿ ಇಡಬೇಕು. ಅದನ್ನು ಕರಗಿಸಿ ಪೆನ್ಸಿಲ್ ಕಡ್ಡಿಯಂಥ ಕಾರ್ಬನ್ ಮೇಲೆ ಹನಿ ಹಾಕಿ ಒಣಗಿಸುತ್ತೇವೆ. 37 ಡಿಗ್ರಿ ಬೆಚ್ಚಗಿರುವ ಗ್ಲೂಕೋಸ್ ನೀರಿಗೆ ಇಳಿಸಿದರೆ ಮೀಟರಿನ ಸಂಖ್ಯೆ ಸರಸರ ಏರುತ್ತದೆ. ಆಗ ಆಗುವ ಖುಷಿ ನನಗೆ ಇಷ್ಟು ವರ್ಷವಾದರೂ ಕಡಿಮೆಯಾಗಿಲ್ಲ. ಮಾರನೆಯ ದಿನ ಬಂದು ನೋಡಿದರೆ ಸಂಖ್ಯೆ ಸ್ವಲ್ಪ ಇಳಿದಿರುತ್ತದೆ. ಮೂರನೆಯ ದಿನ ಇನ್ನೂ ಸ್ವಲ್ಪ. ಶುದ್ಧ ಗ್ಲೂಕೋಸ್ ನೀರಿನ ಬದಲು ರಕ್ತದ ಸೀರಮ್ ಹಾಕಿದರೆ ಇನ್ನೂ ಬೇಗ ಇಳಿಯುತ್ತದೆ. ಕಡ್ಡಿ ಹೊರಗೆ ತೆಗೆದು ಬೆರಳಲ್ಲಿ ಮುಟ್ಟಿದರೆ ಹಾಲಿನ ಕೆನೆಯಂಥ ಜಾರುವ ಪೊರೆ ಸಿಗುತ್ತದೆ. ಅದು ಪ್ರೋಟೀನ್.

ಬೀಕರಿನಲ್ಲೇ ಹೀಗಾದರೆ ಮೈಯೊಳಗೆ ಕೇಳಬೇಕೇ? ಹೊರಗಿನ ವಸ್ತು ಒಳಗೆ ಬಂತೆಂದರೆ ಮೈ ಮೊದಲು ಪ್ರೋಟೀನ್ ಅಂಟಿಸುತ್ತದೆ, ಆಮೇಲೆ ರೋಗ ತಡೆಯುವ ಕೋಶಗಳನ್ನು ಕಳಿಸುತ್ತದೆ, ಕೆಲವು ವಾರಗಳಲ್ಲಿ ನಾರಿನ ಚೀಲ ಕಟ್ಟಿಬಿಡುತ್ತದೆ. ಕಾಲಿಗೆ ಚುಚ್ಚಿ ಒಳಗೇ ಮುರಿದ ಮುಳ್ಳಿನ ಸುತ್ತ ಗಂಟು ಕಟ್ಟುತ್ತದಲ್ಲ, ಹಾಗೆ. ಆ ಚೀಲ ದಾಟಿ ಗ್ಲೂಕೋಸ್ ಬರುವುದೂ ಕಷ್ಟ, ಆಕ್ಸಿಜನ್ ಬರುವುದು ಇನ್ನೂ ಕಷ್ಟ. ಜೊತೆಗೆ ಕಿಣ್ವಕ್ಕೆ ತನ್ನದೇ ಆಯುಸ್ಸು. ನಮ್ಮ ಜೀವಕೋಶಗಳು ಹಳೆಯ ಕಿಣ್ವ ಒಡೆದು ಹೊಸದು ಮಾಡಿಕೊಳ್ಳುತ್ತಲೇ ಇರುತ್ತವೆ. ನಮ್ಮ ಕಾರ್ಬನ್ ಕಡ್ಡಿಗೆ ಆ ಶಕ್ತಿ ಇಲ್ಲ.

ಹಾಗಿದ್ದೂ ಕೆಲಸ ಮುಂದೆ ಸಾಗಿದೆ. ಫ್ರಾನ್ಸಿನ ಗ್ರೆನೋಬಲ್‌ನ ತಂಡ 2010ರಲ್ಲಿ ಇಲಿಯ ಹೊಟ್ಟೆಯೊಳಗೆ ಕಿಣ್ವದ ಸೆಲ್ ಇಟ್ಟಾಗ ಗರಿಷ್ಠ 6.5 ಮೈಕ್ರೋವ್ಯಾಟ್ ಬಂದಿತ್ತು. 2013ರಲ್ಲಿ ಕಾರ್ಬನ್ ನ್ಯಾನೋಟ್ಯೂಬ್ (ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬನ್ ಕೊಳವೆ) ಬಳಸಿ ಅದನ್ನು 38.7 ಮೈಕ್ರೋವ್ಯಾಟ್‌ಗೆ ಏರಿಸಿದರು. ಅದರಿಂದ ಒಂದು ಎಲ್‌ಇಡಿ ಮಿನುಗಿತು, ಒಂದು ಡಿಜಿಟಲ್ ಥರ್ಮಾಮೀಟರ್ ನಡೆಯಿತು. ನೇರವಾಗಿ ಅಲ್ಲ. ಸೆಲ್ ಕೊಡುವುದು ಅರ್ಧ ವೋಲ್ಟ್ ಆಸುಪಾಸು, ಚಿಪ್‌ಗೆ ಅಷ್ಟು ಸಾಲದು. ಟಾರ್ಚಿಗೆ ಹಾಕುವ ಹಾಗೆ ಒಂದರ ಹಿಂದೆ ಒಂದು ಸೆಲ್ ಜೋಡಿಸೋಣವೆಂದರೆ, ಎಲ್ಲ ಸೆಲ್‌ಗಳೂ ಒಂದೇ ದ್ರವದಲ್ಲಿ ಮುಳುಗಿರುವುದರಿಂದ ಆ ದ್ರವವೇ ಅವನ್ನು ಶಾರ್ಟ್ ಮಾಡುತ್ತದೆ. ಹಾಗಾಗಿ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಬೇಕು. ಸಿಕ್ಕಿದ ಅಲ್ಪಸ್ವಲ್ಪದಲ್ಲಿ ಅದಕ್ಕೂ ಪಾಲು.

ಕಿಣ್ವವನ್ನೇ ಬಿಟ್ಟುಬಿಡುವ ದಾರಿಯೂ ಇದೆ. ಅದರ ಬದಲು ಪ್ಲಾಟಿನಂನಂಥ ಲೋಹ. 2012ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರಾಹುಲ್ ಸರ್ಪೇಶ್ಕರ್ ಮತ್ತು ಸಂಗಡಿಗರು ಸಿಲಿಕಾನ್ ಚಿಪ್ ಮೇಲೆಯೇ ಇಂಥ ಸೆಲ್ ಮಾಡಿದರು. ಅವರು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಮಿದುಳಿನ ಸುತ್ತ ಇರುವ ದ್ರವ. ಅಲ್ಲಿ ಗ್ಲೂಕೋಸ್ ಇದೆ, ಪ್ರೋಟೀನ್ ಮತ್ತು ರೋಗ ತಡೆಯುವ ಕೋಶಗಳು ತೀರಾ ಕಡಿಮೆ. ಪೊರೆ ಕಟ್ಟುವ ಕಾಟ ಕಡಿಮೆ ಇರುವ ಜಾಗ ಹುಡುಕಿದ್ದು ಜಾಣತನ. ಆದರೆ ನಿರಂತರವಾಗಿ ಸಿಕ್ಕಿದ್ದು ಚದರ ಸೆಂಟಿಮೀಟರಿಗೆ 3.4 ಮೈಕ್ರೋವ್ಯಾಟ್ ಮಾತ್ರ. 2022ರಲ್ಲಿ ಎಂಐಟಿ ಮತ್ತು ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು ಸೀರಿಯಾ ಎಂಬ ಸೆರಾಮಿಕ್ ಬಳಸಿ 400 ನ್ಯಾನೋಮೀಟರ್ ದಪ್ಪದ ಸೆಲ್ ಮಾಡಿ ಚದರ ಸೆಂಟಿಮೀಟರಿಗೆ 43 ಮೈಕ್ರೋವ್ಯಾಟ್ ತನಕ ತಲುಪಿದರು. ಅದು 600 ಡಿಗ್ರಿ ಶಾಖ ತಡೆಯುತ್ತದೆ. ಇದು ದೊಡ್ಡ ವಿಷಯ. ಯಾಕೆಂದರೆ ಮೈಯೊಳಗೆ ಇಡುವ ಯಾವುದರಲ್ಲೇ ಆಗಲಿ ಮೊದಲು ಕ್ರಿಮಿ ಸಾಯಿಸಬೇಕು, ಕಾಯಿಸಿ ಸಾಯಿಸಹೋದರೆ ಕಿಣ್ವಗಳು ಆ ಬಿಸಿಗೆ ಬೆಂದುಹೋಗುತ್ತವೆ. ಪ್ರಯೋಗ ಲ್ಯಾಬಿನಲ್ಲಿ ನಡೆದದ್ದು, ಮೈಯಲ್ಲಿ ಅಲ್ಲ ಎಂಬುದನ್ನೂ ಹೇಳಬೇಕು.

ಈಗ ನಿಮ್ಮ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು: ಶುಗರ್ ಇಳಿದಾಗ ಸೆನ್ಸರ್ ನಿಂತುಹೋಗುವುದಿಲ್ಲವೇ? ಎಚ್ಚರಿಕೆ ಅತ್ಯಂತ ಬೇಕಾದ ಹೊತ್ತಿಗೇ ಅದರ ಊಟ ಕಡಿಮೆಯಾಗುತ್ತದೆ. ಇದಕ್ಕೊಂದು ಉಪಾಯ ಇದೆ. ಸಣ್ಣಗೆ ಬರುವ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟದ್ದನ್ನು ನೆನೆಸಿಕೊಳ್ಳಿ. ಬಿಂದಿಗೆ ತುಂಬಿದಾಗಲೆಲ್ಲ ಒಮ್ಮೆ ಸುರಿದು ಮತ್ತೆ ಇಡುತ್ತೀರಿ. ಹಾಗೇ ಸೆಲ್‌ನ ಕರೆಂಟ್ ಕರೆಂಟ್ ಕೂಡಿಡುವ ಒಂದು ಕೆಪಾಸಿಟರನ್ನು ನಿಧಾನಕ್ಕೆ ತುಂಬಿಸುತ್ತದೆ. ತುಂಬಿದ ತಕ್ಷಣ ಚಿಪ್ ಒಂದು ಸಲ ಸಂಕೇತ ಕಳಿಸಿ ಖಾಲಿ ಮಾಡುತ್ತದೆ. ಶುಗರ್ ಜಾಸ್ತಿ ಇದ್ದರೆ ಬೇಗ ಬೇಗ ಸಂಕೇತ, ಕಡಿಮೆ ಇದ್ದರೆ ನಿಧಾನ. ಎರಡು ಸಂಕೇತಗಳ ನಡುವಿನ ಹೊತ್ತೇ ಅಳತೆ. ಬೇರೆ ಲೆಕ್ಕವೇ ಬೇಡ. ಈ ತತ್ತ್ವದ ಸೆಲ್‌ಗಳನ್ನು ಲ್ಯಾಬಿನಲ್ಲಿ ಮಾಡಿ ತೋರಿಸಿದ್ದಾರೆ.

ಆದರೆ ಸಂಕೇತ ನಿಧಾನವಾದರೆ ಅದಕ್ಕೆ ಕಾರಣ ಶುಗರ್ ಇಳಿದದ್ದಾ, ಕಿಣ್ವ ಸೋತದ್ದಾ, ಸುತ್ತ ಪೊರೆ ಕಟ್ಟಿದ್ದಾ? ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ತರಹ. ರಾತ್ರಿ ಎರಡು ಗಂಟೆಗೆ ಅತ್ತೆಯವರ ಸೆನ್ಸರ್ ಸುಮ್ಮನಾದರೆ ನೀವು ಅವರನ್ನು ಎಬ್ಬಿಸಿ ಸಕ್ಕರೆ ನೀರು ಕುಡಿಸಬೇಕೋ, ಸೆನ್ಸರ್ ಕೆಟ್ಟಿದೆ ಎಂದು ಮಲಗಬೇಕೋ? ಈ ಪ್ರಶ್ನೆಗೆ ಗಟ್ಟಿ ಉತ್ತರ ಸಿಗದೆ ಇಂಥದ್ದನ್ನು ನಾನು ನನ್ನ ಮನೆಯವರಿಗೆ ಹಾಕಿಸುವುದಿಲ್ಲ. ಪಕ್ಕದಲ್ಲೇ ಹೋಲಿಕೆಗೆ ಇನ್ನೊಂದು ಎಳೆ ಇಡಬೇಕು, ಇಲ್ಲವೇ ಕೆಲವು ಗಂಟೆ ತಡೆಯುವಷ್ಟು ಕೂಡಿಟ್ಟ ಕರೆಂಟ್ ಬೇಕು.

ನೀವು ಓದಿದ ಹೊಟ್ಟೆಯ ಆಸಿಡ್‌ನ ಕಥೆ ಇದಕ್ಕಿಂತ ಬೇರೆ. ಅದು ಶಾಲೆಯಲ್ಲಿ ನಿಂಬೆಹಣ್ಣಿಗೆ ಸತುವಿನ ಮೊಳೆ, ತಾಮ್ರದ ತುಂಡು ಚುಚ್ಚಿ ಮಾಡುತ್ತಿದ್ದ ಬ್ಯಾಟರಿ. ಅಲ್ಲಿ ಇಂಧನ ಸತು, ಆಸಿಡ್ ಅಲ್ಲ. ಸತು ಸವೆದ ದಿನ ಕರೆಂಟೂ ಮುಗಿಯಿತು. 2017ರಲ್ಲಿ ಎಂಐಟಿಯ ತಂಡ ಹಂದಿಗಳ ಹೊಟ್ಟೆಯಲ್ಲಿ ಇಂಥ ಸೆಲ್ ಇಟ್ಟು ಸರಾಸರಿ ಆರು ದಿನ ಉಷ್ಣತೆಯ ಮಾಹಿತಿ ರೇಡಿಯೋದಲ್ಲಿ ಪಡೆಯಿತು. ನುಂಗಿ ಹೊರಗೆ ಹೋಗುವ ಸಾಧನಕ್ಕೆ ಆರು ದಿನ ಸಾಕೇ ಸಾಕು. ಹೊಟ್ಟೆಯ ದ್ರವದಿಂದ ಎಚ್ಚರಗೊಳ್ಳುವ ಸೆನ್ಸರ್ ಮಾರುಕಟ್ಟೆಗೂ ಬಂದಿತ್ತು. ಅಮೆರಿಕದ ಪ್ರೋಟಿಯಸ್ ಕಂಪನಿಯ ಮರಳು ಕಾಳಿನಷ್ಟು ಸೆನ್ಸರ್, ತಾಮ್ರ ಮತ್ತು ಮೆಗ್ನೀಸಿಯಂ ಬಳಸಿ ಮಾಡಿದ್ದು. 2017ರಲ್ಲಿ ಅದನ್ನು ಸೇರಿಸಿದ ಮಾತ್ರೆಗೆ ಅಲ್ಲಿ ಅನುಮತಿಯೂ ಸಿಕ್ಕಿತು. ರೋಗಿ ಮಾತ್ರೆ ನುಂಗಿದರೋ ಇಲ್ಲವೋ ಎಂದು ತಿಳಿಸುವುದಷ್ಟೇ ಅದರ ಕೆಲಸ. ಕಂಪನಿ 2020ರಲ್ಲಿ ದಿವಾಳಿಯಾಯಿತು. ಬೆವರು ಚರ್ಮದ ಮೇಲಿನ ಪಟ್ಟಿಗಳಿಗೆ ಸರಿ, ಒಳಗಿನ ಸೆನ್ಸರ್‌ಗೆ ಅದರಿಂದ ಉಪಯೋಗ ಇಲ್ಲ.

ಇದರ ನಡುವೆ, ಬ್ಯಾಟರಿಯೇ ಇಲ್ಲದ ಸೆನ್ಸರ್‌ಗಳು ಬೇರೆ ದಾರಿಯಿಂದ ಬಂದಾಗಿವೆ. ಶ್ವಾಸಕೋಶದ ರಕ್ತನಾಳದಲ್ಲಿ ಕೂತು ಒತ್ತಡ ಅಳೆಯುವ ಕಾರ್ಡಿಯೋಮೆಮ್ಸ್‌ಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. ತೋಳಿನ ಚರ್ಮದ ಕೆಳಗೆ ಇಡುವ ಎವರ್‌ಸೆನ್ಸ್ ಎಂಬ ಗ್ಲೂಕೋಸ್ ಸೆನ್ಸರ್‌ಗೆ 2018ರಲ್ಲಿ. ಎರಡಕ್ಕೂ ಕರೆಂಟ್ ಹೊರಗಿನಿಂದ, ತಂತಿಯಿಲ್ಲದೆ. ಚರ್ಮದ ಹತ್ತಿರ ಇರುವ ಸೆನ್ಸರ್‌ಗಳಿಗೆ ಈ ದಾರಿಯೇ ಗೆಲ್ಲುತ್ತದೆ ಎಂದು ನನ್ನ ಅಂದಾಜು. ಸಕ್ಕರೆಯ ಸೆಲ್‌ಗೆ ಜಾಗ ಇರುವುದು ಕರೆಂಟ್ ಕಳಿಸುವ ಹೊರಗಿನ ಕಾಯಿಲ್ (ತಂತಿಯ ಸುರುಳಿ) ಹಿಡಿಯಲಾಗದ ಆಳದಲ್ಲಿ, ಆಗೊಮ್ಮೆ ಈಗೊಮ್ಮೆ ಒಂದು ಮಾತು ಹೇಳಿ ಸುಮ್ಮನಾಗುವ ಸೆನ್ಸರ್‌ಗಳಲ್ಲಿ.

ಅತ್ತೆಯವರ 14 ದಿನದ ಕಿರಿಕಿರಿಗೆ ಬರುತ್ತೇನೆ. ಆ ಬಿಲ್ಲೆಯನ್ನು ಬದಲಿಸಬೇಕಾಗಿರುವುದಕ್ಕೆ ಬ್ಯಾಟರಿ ಒಂದೇ ಕಾರಣ ಅಲ್ಲ. ಕಿಣ್ವ ಸವೆಯುತ್ತದೆ, ಎಳೆಯ ಸುತ್ತ ಪೊರೆ ಕಟ್ಟುತ್ತದೆ, ಅಂಟು ಬಿಡುತ್ತದೆ, ಚರ್ಮಕ್ಕೂ ಬಿಡುವು ಬೇಕು. ನಾಳೆ ಬೆಳಿಗ್ಗೆಯೇ ಯಾರಾದರೂ ಅದರ ಬ್ಯಾಟರಿ ತೆಗೆದು ಸಕ್ಕರೆಯ ಸೆಲ್ ಕೂರಿಸಿದರೂ ದಿನಗಳ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಎವರ್‌ಸೆನ್ಸ್ ಮೊದಲು 90 ದಿನ ಬಾಳುತ್ತಿತ್ತು. 2024ರಲ್ಲಿ ಅನುಮತಿ ಪಡೆದ ಅದರ ಹೊಸ ರೂಪ ಒಂದು ವರ್ಷ ಬಾಳುತ್ತದೆ. ಅದರಲ್ಲಿ ಕಿಣ್ವ ಇಲ್ಲ. ಗ್ಲೂಕೋಸ್ ತಾಗಿದಾಗ ಹೊಳಪು ಬದಲಾಗುವ ಒಂದು ರಾಸಾಯನಿಕ ಇದೆ. ಹಾಗೆ ಬಾಳುವ ಲೇಪವನ್ನು ಹುಡುಕುವ ಕೆಲಸದಲ್ಲೇ ನಮ್ಮಂಥವರ ಹೆಚ್ಚಿನ ದಿನಗಳು ಕಳೆಯುತ್ತಿವೆ. ಮುಂದಿನ ಬಿಲ್ಲೆ ಹಾಕುವಾಗ ಹಿಂದಿನ ಸಲದ ಜಾಗ ಬಿಟ್ಟು, ಇನ್ನೊಂದು ತೋಳಿಗೆ ಹಾಕಿ.